ಕೂದಲು ಕಟ್ಟಾಗಿರಬೇಕು

ಇದು 1999ರ ಆರಂಭದಲ್ಲಿ ನಡೆದದ್ದು. ಆಗ ನಾನು ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದೆ. ಕೆಲವು ತಿಂಗಳು ತರಗತಿಯಲ್ಲಿ ಕೂತು ಪಾಠ ಕೇಳಿ, ಗೊಂಬೆಯೊಂದನ್ನು ಮಂಚದ ಮೇಲೆ ಮಲಗಿಸಿಕೊಂಡು ಹಾಸಿಗೆ ಬದಲಿಸುವುದು, ಮೈ ಒರೆಸುವುದು ಎಲ್ಲ ಕಲಿತಾಗಿತ್ತು. ಇನ್ನು ಕಾಲೇಜಿನದೇ ಆಸ್ಪತ್ರೆಯ ನಿಜವಾದ ವಾರ್ಡಿಗೆ, ನಿಜವಾದ ರೋಗಿಗಳ ಹತ್ತಿರ ಹೋಗುವ ದಿನ ಬಂದಿತ್ತು.

ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಬೆಂಗಳೂರಿಗೆ ವರ್ಗವಾದ ಮೇಲೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದೆ ಬಾಡಿಗೆ ಮನೆ ಹಿಡಿದಿದ್ದೆವು. ನಾನು ನರ್ಸಿಂಗ್ ಸೇರುವುದು ಅಪ್ಪನಿಗೆ ಇಷ್ಟವಿರಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲ. ಸಾದಾ ಬಿ.ಎಸ್‌ಸಿ. ಮುಗಿಸಿ, ಬಿ.ಎಡ್. ಮಾಡಿ ಟೀಚರ್ ಆಗಲಿ ಎಂಬುದು ಅವರ ಲೆಕ್ಕ. ನಾನು ಹೆಚ್ಚು ಮಾತಾಡುವವಳಲ್ಲ. ಅರ್ಜಿ ತುಂಬಿ ಅವರ ಮುಂದೆ ಇಟ್ಟಿದ್ದೆ, ಅಷ್ಟೆ. ಅಪ್ಪ ಬಹಳ ಹೊತ್ತು ಅದನ್ನು ನೋಡಿ, “ಒಂದು ವರ್ಷ ನೋಡೂಣು. ಹೊಂದಲಿಲ್ಲಂದ್ರ ಬಿಡಸ್ತೀನಿ” ಎಂದು ಸಹಿ ಹಾಕಿದ್ದರು. ಬಿಡಿಸುವುದಕ್ಕೆ ಅವರಿಗೆ ಒಂದು ಸಣ್ಣ ಕಾರಣ ಸಿಕ್ಕಿದರೆ ಸಾಕು ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಕಾಲೇಜಿನಲ್ಲಿ ಏನೇ ತೊಂದರೆಯಾದರೂ ಮನೆಯಲ್ಲಿ ಹೇಳುತ್ತಿರಲಿಲ್ಲ.

ತೊಂದರೆ ಎಂದು ಇದ್ದದ್ದು ನನ್ನ ಕೂದಲಿನದೇ. ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ಭಾನುವಾರ ಅವ್ವ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ತೊಳೆದರೆ ಸಂಜೆಯವರೆಗೂ ಒಣಗುತ್ತಿರಲಿಲ್ಲ. ವಾರ್ಡಿನಲ್ಲಿ ಕೂದಲು ಕಾಲರಿಗೆ ತಾಗಬಾರದು, ಮೇಲೆ ಬಿಳಿ ಕ್ಯಾಪ್ ಕೂರಬೇಕು ಎಂಬುದು ನಿಯಮ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ತುರುಬು ಹಾಕಿ ನೋಡಿದೆ. ತೆಂಗಿನಕಾಯಿಯಷ್ಟಾಯಿತು. ಕ್ಯಾಪ್ ಇಟ್ಟು ಬಗ್ಗಿದರೆ ಕ್ಯಾಪೂ ತುರುಬೂ ಒಟ್ಟಿಗೆ ಕಿವಿಯ ಕಡೆಗೆ ಜಾರಿದವು. ಕಾಲೇಜಿನಲ್ಲಿ ಇದನ್ನು ಮಾಡಿ ತೋರಿಸಿದಾಗ ನನ್ನ ಗೆಳತಿ ಶಬಾನಾ, “ನಿಂಗೆ ಕ್ಯಾಪ್ ಸಾಕಾಗಲ್ಲ ಕಣೇ, ಬಕೆಟ್ ಬೇಕು” ಎಂದು ನಕ್ಕಳು. ಶಬಾನಾ ಫ್ರೇಜರ್ ಟೌನಿನವಳು. ತರಗತಿಯಲ್ಲಿ ಹೆಚ್ಚಿನವರು ಕೇರಳದ ಹುಡುಗಿಯರು. ಕನ್ನಡ ಮಾತಾಡುತ್ತಿದ್ದ ಕೆಲವೇ ಮಂದಿಯಲ್ಲಿ ಅವಳೂ ಒಬ್ಬಳು.

ನಮ್ಮನ್ನು ವಾರ್ಡಿಗೆ ಕರೆದುಕೊಂಡು ಹೋಗಬೇಕಾಗಿದ್ದವರು ಫಿಲೋಮಿನಾ ಮೇಡಂ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು, ನಮ್ಮಂಥ ಒಂದಿಬ್ಬರ ಹತ್ತಿರ ಚುರುಕಾದ ಬೆಂಗಳೂರು ಕನ್ನಡ. ಬಹಳ ಕಟ್ಟುನಿಟ್ಟು. ಶುಕ್ರವಾರ ಸಂಜೆ ಉಗುರು, ಬಳೆ, ಷೂ ಎಲ್ಲದರ ಬಗ್ಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದರು. ಎಲ್ಲರೂ ಹೊರಟ ಮೇಲೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಜಡೆಯನ್ನು ಮೇಲಿಂದ ಕೆಳಗೆ ನೋಡಿದರು.

“ನಿಂದೇ ನಂಗೆ ಯೋಚನೆ ಮಾ. ಸೋಮವಾರ ವಾರ್ಡಿಗೆ ಕಾಲಿಡೋಷ್ಟರಲ್ಲಿ ಈ ಕೂದಲು ಕಟ್ಟಾಗಿರ್ಬೇಕು. ಆಮೇಲೆ ಅದೂ ಇದೂ ಕಾರಣ ಹೇಳ್ಬಾರ್ದು. ಗೊತ್ತಾಯ್ತಾ?”

“ಗೊತ್ತಾಯ್ತು ಮೇಡಂ” ಎಂದೆ.

ಕತ್ತರಿಸಿರಬೇಕು ಎಂದೇ ನಾನು ತಿಳಿದೆ. ಬೇರೆ ಅರ್ಥ ಇರಬಹುದೆಂದು ಹೊಳೆಯಲೇ ಇಲ್ಲ. ತುರುಬು ನಿಲ್ಲುವುದಿಲ್ಲ ಎಂದು ನನಗೇ ಗೊತ್ತಿತ್ತಲ್ಲ. ಅವರಿಗೂ ಗೊತ್ತಾಗಿದೆ, ಅದಕ್ಕೇ ನನ್ನೊಬ್ಬಳನ್ನೇ ನಿಲ್ಲಿಸಿ ಹೇಳಿದ್ದಾರೆ ಅನ್ನಿಸಿತು. “ಎಷ್ಟು ಕತ್ತರಿಸಬೇಕು ಮೇಡಂ?” ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ.

ಶನಿವಾರ ತರಗತಿ ಮುಗಿದ ಮೇಲೆ ಶಬಾನಾಳನ್ನು ಜೊತೆಗೆ ಬರಲು ಕರೆದೆ. ತಿಪ್ಪಸಂದ್ರದ ಬಸ್ಸಿನಲ್ಲಿ ಕೂತ ಮೇಲೆ ವಿಷಯ ಹೇಳಿದೆ.

“ಮೇಡಂ ನಿಜವಾಗ್ಲೂ ಹಂಗಂದ್ರಾ?” ಎಂದಳು.

“ನನ್ನ ಮುಖ ನೋಡಿಕೊಂಡೇ ಅಂದ್ರು.”

“ಯಾ ಅಲ್ಲಾ! ನಂದು ಇಷ್ಟೇ ಇಷ್ಟಿದೆ, ಅದು ಬೆಳೀಲಿ ಅಂತ ಅಮ್ಮಿ ಮೊಟ್ಟೆ ಹಚ್ತಾರೆ. ವಾಸನೆಗೆ ಬಸ್ಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ. ನೀನು ನೋಡಿದ್ರೆ ಇಷ್ಟು ಚೆನ್ನಾಗಿರೋದನ್ನ ಕತ್ತರಿಗೆ ಕೊಡ್ತಿದೀಯ.”

ಮಾರ್ಕೆಟ್ ರಸ್ತೆಯ ಬ್ಯೂಟಿ ಪಾರ್ಲರಿನಲ್ಲಿದ್ದ ಹೆಂಗಸು ಜಡೆ ನೋಡಿ ಕತ್ತರಿ ಕೆಳಗಿಟ್ಟರು. “ಹರಕೆ ಏನಾದ್ರೂ ಇದ್ಯಾ?” ಎಂದು ಕೇಳಿದರು. ಇಲ್ಲ, ಕಾಲೇಜಿನಲ್ಲಿ ಹೇಳಿದ್ದಾರೆ, ಪೂರ್ತಿ ಚಿಕ್ಕದಾಗಿ ಮಾಡಿ ಎಂದೆ. “ಬಾಯ್‌ಕಟ್ಟಾ? ನನ್ ಕೈಲಿ ಆಗಲ್ಲಮ್ಮಾ, ಪಾಪ ಬರತ್ತೆ. ಭುಜದವರೆಗೆ ಮಾಡ್ಕೊಡ್ತೀನಿ. ಅಷ್ಟಕ್ಕೇ ನಿಮ್ಮ ಮೇಡಂ ಸಮಾಧಾನ ಆಗ್ತಾರೆ” ಎಂದರು. ಜಡೆಯ ಮೇಲೊಂದು ಕೆಳಗೊಂದು ರಬ್ಬರ್ ಬ್ಯಾಂಡ್ ಹಾಕಿ ಕತ್ತರಿಸಿದರು. ಅಷ್ಟು ದಪ್ಪ ಕೂದಲು ಒಂದೇ ಸಲಕ್ಕೆ ತುಂಡಾಗುವುದಿಲ್ಲ. ಕತ್ತರಿ ಮತ್ತೆ ಮತ್ತೆ ಕಚ್ಚಬೇಕಾಯಿತು. ಕತ್ತು ಒಮ್ಮೆಲೇ ಹಗುರವಾಗಿ ತಲೆ ತಾನಾಗಿ ಮುಂದಕ್ಕೆ ಬಾಗಿತು. ಜಡೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದ ಶಬಾನಾ ಆ ಪೊಟ್ಟಣವನ್ನು ಒಮ್ಮೆ ಸವರಿ ತನ್ನ ಬಸ್ಸು ಹಿಡಿದಳು.

ಮನೆಯಲ್ಲಿ ಅವ್ವ ಬಾಗಿಲು ತೆಗೆದವಳು ಹಾಗೇ ನಿಂತಳು.

“ಇದೇನ ಮಾಡ್ಕೊಂಡ ಬಂದಿ, ಸುನಂದಾ?”

“ಮೇಡಮ್ ಹೇಳ್ಯಾರವ್ವಾ. ಇಲ್ಲಂದ್ರ ವಾರ್ಡಿಗೆ ಬಿಡಂಗಿಲ್ಲ.”

“ನನಗ ಒಂದು ಮಾತು ಹೇಳಾಕ ಆಗಲಿಲ್ಲೇನು? ನಾ ಏನ ಬ್ಯಾಡ ಅಂತ ಬಾಗಲಾ ಹಾಕ್ಕೊಂಡು ಕೂಡ್ತಿದ್ನೇನು?” ಎಂದು ಪೊಟ್ಟಣ ತೆಗೆದುಕೊಂಡು ಒಳಗೆ ಹೋದಳು.

ಅಪ್ಪ ಆಫೀಸಿನಿಂದ ಬಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಕುಡಿದು ಮುಗಿಸಿ, “ಮೊದಲನೇ ದಿನಾನ ಕೂದಲಾ ಕತ್ತರಸ್ಕೊಂಡ ಬಾ ಅನ್ನಾವ್ರು ನಾಳೆ ಇನ್ನೇನೇನ ಹೇಳ್ತಾರೋ. ಇದು ಕಾಲೇಜ ಅಲ್ಲ. ಸೋಮವಾರ ನಾನೂ ಬರ್ತೀನಿ. ಟಿ.ಸಿ. ತಗೊಂಡು ಬರೂಣು” ಎಂದರು. ಅವರು ಕಾಯುತ್ತಿದ್ದ ಕಾರಣವನ್ನು ನಾನೇ ಕತ್ತರಿಸಿ ತಂದುಕೊಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಶಿವಾಜಿನಗರದ ಬಸ್ಸು ಹಿಡಿದೆವು. ಹಲಸೂರು ಕೆರೆ ದಾಟುವವರೆಗೂ ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. ಪ್ರಿನ್ಸಿಪಾಲರು ಬರುವುದು ತಡವಾಗಿ. ಅವರು ಬರುವವರೆಗೆ ಆಫೀಸಿನ ಬೆಂಚಿನಲ್ಲಿ ಕೂರುತ್ತೇನೆ ಎಂದರು ಅಪ್ಪ. ನಾನು ವಾರ್ಡಿಗೆ ಹೋದೆ. ಕೊನೆಯ ದಿನವಾದರೂ ಒಂದು ದಿನ ಕೆಲಸ ಮಾಡಿಬಿಡೋಣ ಎಂದುಕೊಂಡಿದ್ದೆ.

ಫಿಲೋಮಿನಾ ಮೇಡಂ ಸಾಲಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಮುಂದೆ ನಿಂತರು.

“ಏನ್ಮಾ ಇದು? ಕೂದಲೆಲ್ಲಿ?”

“ನೀವೇ ಹೇಳಿದ್ರಲ್ಲ ಮೇಡಂ. ಕಟ್ಟಾಗಿರ್ಬೇಕು ಅಂತ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಣೆಗೆ ಕೈ ಹೊಡೆದುಕೊಂಡರು. “ಅಯ್ಯೋ ಕರ್ತನೇ! ಕಟ್ಟಿ ಆಗಿರ್ಬೇಕು ಅಂದೆ ಕಣಮ್ಮಾ. ಕಟ್ಟಿ! ತುರುಬು ಕಟ್ಟಿ! ಅದಕ್ಕೆ ಬಲೆ, ಉದ್ದ ಪಿನ್ನು ಎಲ್ಲ ಮನೆಯಿಂದ ತಂದು ಇಟ್ಕೊಂಡಿದೀನಿ ನಿನಗೋಸ್ಕರ.”

ನಮ್ಮ ಕಡೆ ‘ಕಟ್ಟಿರಬೇಕು’ ಅಥವಾ ‘ಕಟಗೊಂಡಿರಬೇಕು’ ಎನ್ನುತ್ತೇವೆ. ಇಲ್ಲಿಯವರು ‘ಕಟ್ಟಿ ಆಗಿರಬೇಕು’ ಎಂಬುದನ್ನು ಸೇರಿಸಿ ನುಂಗಿ ‘ಕಟ್ಟಾಗಿರ್ಬೇಕು’ ಮಾಡಿಬಿಡುತ್ತಾರೆ. ಕರೆಂಟು ಹೋದರೂ ಅವರಿಗೆ ಕಟ್ಟಾಗಿದೆ. ಮೂಟೆಗೆ ಹಗ್ಗ ಬಿಗಿದರೂ ಕಟ್ಟಾಗಿದೆ. ಬೆಂಗಳೂರಿಗೆ ಬಂದು ಎರಡು ವರ್ಷವಾಗಿದ್ದರೂ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ, ಅಥವಾ ಬಿದ್ದರೂ ನಿಂತಿರಲಿಲ್ಲ.

ಮೇಡಂ ನನ್ನನ್ನು ಸಿಸ್ಟರುಗಳ ಕೋಣೆಗೆ ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದರು. “ಉದ್ದ ಇದ್ದಿದ್ರೆ ಎರಡು ಭಾಗ ಮಾಡಿ ಒಂದರ ಮೇಲೊಂದು ಸುತ್ತಿದ್ರೆ ಕಲ್ಲಿನ ಥರ ನಿಂತ್ಕೊಳ್ಳತ್ತೆ. ಪೂರ್ತಿ ಚಿಕ್ಕದಾಗಿದ್ರೆ ಬಾಚಿದ್ರೆ ಮುಗೀತು. ಇದು ಎರಡಕ್ಕೂ ಬರಲ್ಲ. ತುರುಬಿಗೆ ಸಾಲಲ್ಲ, ಬಿಟ್ರೆ ಬಗ್ಗಿದಾಗ ಪೇಷಂಟ್ ಮುಖದ ಮೇಲೆ. ಇದ್ದಬದ್ದ ಉದ್ದದಲ್ಲೆಲ್ಲ ಕೆಲಸಕ್ಕೆ ಬಾರದ ಉದ್ದ ಹುಡುಕಿ ಮಾಡಿಸ್ಕೊಂಡು ಬಂದಿದೀಯಲ್ಲಮ್ಮಾ” ಎನ್ನುತ್ತಲೇ ಎರಡು ಗಿಡ್ಡ ಜಡೆ ಹೆಣೆದು, ಹಿಂದಕ್ಕೆ ಒಂದರ ಮೇಲೊಂದು ತಂದು, ಪಿನ್ನು ಸಾಲದ ಕಡೆ ಬ್ಯಾಂಡೇಜ್ ಬಟ್ಟೆಯ ಪಟ್ಟಿಯಿಂದ ಬಿಗಿದರು. ಬೈಗುಳ ನಡೆದೇ ಇತ್ತು, ಕೈ ಮಾತ್ರ ಮೃದುವಾಗಿತ್ತು.

ಅಪ್ಪ ಟಿ.ಸಿ. ತೆಗೆದುಕೊಳ್ಳಲು ಬಂದು ಕೂತಿದ್ದಾರೆ ಎಂದು ಹೇಳಿದೆ. ಅವರ ಕೈ ನಿಂತಿತು. “ಕರೆದಾಗ ಹೋಗೋಣ. ಈಗ ಕೆಲಸ ನೋಡು” ಎಂದರು.

ನನಗೆ ಕೊಟ್ಟ ಮೊದಲ ಕೆಲಸ ತಲೆ ಬಾಚುವುದು. ಶಿವಾಜಿನಗರದ ಒಬ್ಬ ಅಜ್ಜಿ ತೊಡೆಯ ಮೂಳೆ ಮುರಿದು, ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಳಿಂದ ಅಂಗಾತ ಮಲಗಿದ್ದರು. ಹಿಂದಲೆಯ ಕೂದಲು ದಿಂಬಿಗೆ ಉಜ್ಜಿ ಉಜ್ಜಿ ಕಂಬಳಿಯ ಹಾಗೆ ಗಂಟಾಗಿತ್ತು. “ಕತ್ತರಿಸಿಬಿಡಿ ಸಿಸ್ಟರ್, ನಮ್ ಕೈಲಿ ಆಗಲ್ಲ” ಎಂದು ಅವರ ಸೊಸೆ ಹೇಳಿದರು. ಅಜ್ಜಿ ತಮ್ಮ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, “ನಕ್ಕೋ ಬೇಟಿ, ನಕ್ಕೋ” ಎಂದರು.

ಬೇಡ ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಕೇಳಿ ಟ್ರೇಯಲ್ಲಿದ್ದ ಕತ್ತರಿಯನ್ನು ದೂರ ಇಟ್ಟೆ. ಆಮೇಲೆ ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ತೆಗೆದುಕೊಂಡೆ. ಬುಡ ಎಳೆಯದಂತೆ ಕೂದಲನ್ನು ಮೇಲುಗಡೆ ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಬಿಡಿಸುತ್ತ ಮೇಲೆ ಬರಬೇಕು. ಮಲಗೇ ಇರುವವರಿಗೆ ಹಿಂದೆ ಒಂದು ಜಡೆ ಹಾಕಬಾರದು, ತಲೆಗೆ ಒತ್ತುತ್ತದೆ. ಎರಡು ಕಿವಿಯ ಪಕ್ಕ ಎರಡು ಜಡೆ ಹಾಕಿ ಮುಂದಕ್ಕೆ ತರಬೇಕು. ಗೊಂಬೆಯ ಮೇಲೆ ಇದನ್ನು ಕಲಿತಾಗ ಬೇಸರವಾಗಿತ್ತು. ಆದರೆ ಗೊಂಬೆ ಉಸಿರು ಬಿಡುವುದಿಲ್ಲ. ಒಂದೊಂದು ಗಂಟು ಬಿಟ್ಟಾಗಲೂ ಅಜ್ಜಿಯ ಹುಬ್ಬು ಸಡಿಲವಾಗುವುದು ಕಾಣುತ್ತಿತ್ತು. ಬಲಗಡೆಯ ಜಡೆ ಮುಗಿದಾಗ ಅವರು ಅದನ್ನು ಎದೆಯ ಮೇಲೆ ಎಳೆದುಕೊಂಡು ಬೆರಳಿನಲ್ಲಿ ಸವರಿದರು. ಎಡಗಡೆ ಶುರುಮಾಡುವಷ್ಟರಲ್ಲಿ ಆಯಾ ಬಂದು, “ಪ್ರಿನ್ಸಿಪಾಲ್ ಕರೀತಾವ್ರೆ. ನಿಮ್ಮಪ್ಪ ಬಂದವ್ರಂತೆ” ಎಂದಳು.

ಪ್ರಿನ್ಸಿಪಾಲರ ಕೋಣೆ ಚಿಕ್ಕದು. ಅಪ್ಪನ ಕುರ್ಚಿ ಬಾಗಿಲಿಗೇ ತಾಗಿಕೊಂಡಿತ್ತು. ನಾನು, ಮೇಡಂ ಅದರ ಪಕ್ಕದಲ್ಲಿ ನುಸುಳಿ ಒಳಗೆ ಹೋಗಿ ಗೋಡೆಯ ಪಕ್ಕ ನಿಂತೆವು.

“ಏನ ಹೇಳಿದ್ರು ಅನ್ನೂದನ್ನ ಆಕೀನ ಹೇಳ್ಲಿ” ಎಂದರು ಅಪ್ಪ.

“‘ಕೂದಲು ಕಟ್ಟಾಗಿರ್ಬೇಕು’ ಅಂದ್ರು” ಎಂದೆ.

“ಕೇಳಿದ್ರಲ್ಲ? ಇನ್ನೇನ ಉಳೀತು?”

“ಸಾರ್, ಅದು ಕಟ್ಟಿ ಆಗಿರ್ಬೇಕು ಅಂತ ಸಾರ್. ನಾವು ಮಾತಾಡೋದೇ ಹಂಗೆ” ಎಂದರು ಮೇಡಂ.

“ಅಂದಾಗ ಒಂದು, ಕೇಳಾಕ ಬಂದಾಗ ನಡುವ ಒಂದು ‘ಇ’ ಸೇರಿಸಿದ್ರ ಹೆಂಗ್ರಿ?”

ಮೇಡಂ ಉತ್ತರ ಕೊಡುವ ಮೊದಲೇ ವಯಸ್ಸಾದ ಅಟೆಂಡರ್ ಒಬ್ಬರು ಬಾಗಿಲಿನಿಂದ ತಲೆ ಹಾಕಿದರು. “ಮೇಡಂ, ಹಳೇ ಪೇಪರೆಲ್ಲ ಕಟ್ಟಾಗಿದೆ. ಎಲ್ಲಿಡೋದು?”

ಅಪ್ಪ ನಿಧಾನವಾಗಿ ತಿರುಗಿ ಅವರ ಕೈ ನೋಡಿದರು. ಸುತ್ತಲೂ ಹುರಿ ಬಿಗಿದ ಪೇಪರಿನ ದೊಡ್ಡ ಕಟ್ಟು.

“ಏನಂದ್ರಿ?”

“ಪೇಪರು ಸಾರ್. ಕಟ್ಟಾಗಿದೆ. ಯಾಕೆ ಸಾರ್?”

“ಅಂದ್ರ ಕಟ್ಟೀರಿ. ಕತ್ತರಿಸಿಲ್ಲ.”

“ಕತ್ತರಿಸಿದ್ರೆ ರದ್ದಿಯವನು ತಗೊಳಲ್ಲ ಸಾರ್.”

ಪ್ರಿನ್ಸಿಪಾಲರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಫಿಲೋಮಿನಾ ಮೇಡಂ ಕಿಟಕಿಯ ಕಡೆ ನೋಡಿದರು. ಮುಗಿಯಿತು, ಇನ್ನು ಅಪ್ಪ ನಕ್ಕುಬಿಡುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಆತ್ರಿ. ನಿಮ್ಮ ತಪ್ಪಿಲ್ಲ, ಒಪ್ಪಿದೆ. ಆದ್ರ ಒಂದು ಮಾತು ಹೇಳ್ರಿ. ತಿಳೀಲಿಲ್ಲಂದ್ರ ಮತ್ತೊಮ್ಮೆ ಕೇಳಾಕೂ ಬಾಯಿ ಬರದ ಹುಡುಗಿ ಈಕಿ. ಇವತ್ತು ಕೂದಲಾ ಹೋತು, ಬೆಳೀತದ. ನಾಳೆ ಔಷಧದಾಗ ಹಿಂಗ ಮಾಡಿದ್ರ? ಈಕಿಗೆ ಈ ಕೆಲಸ ಒಗ್ಗೂದಿಲ್ರಿ. ಟಿ.ಸಿ. ಕೊಟ್ಟಬಿಡ್ರಿ.”

ಈ ಸಲ ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಅವರು ಹೇಳಿದ್ದು ಸರಿಯಾಗಿತ್ತು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, “ನೀನೇನು ಹೇಳ್ತೀಯಮ್ಮ? ಟಿ.ಸಿ. ಬೇಕಾ?” ಎಂದು ಕೇಳಿದರು.

ಅಪ್ಪನ ಎದುರು, ಅದೂ ಹೊರಗಿನವರ ಮುಂದೆ, ಅವರ ಮಾತಿಗೆ ಎದುರಾಗಿ ನಾನು ಎಂದೂ ಮಾತಾಡಿದವಳಲ್ಲ. ಬಾಯಿ ತೆರೆದರೆ ಕಾಲೇಜಿನಲ್ಲಿ ಆಡುತ್ತಿದ್ದ ಕನ್ನಡ ಬರಲೇ ಇಲ್ಲ, ಮನೆಯದೇ ಬಂತು. “ಬ್ಯಾಡ್ರಿ. ವಾರ್ಡಿನ್ಯಾಗ ಒಬ್ಬ ಅಜ್ಜಿಗೆ ಒಂದ ಕಡೆ ಅಷ್ಟ ಜಡಿ ಹಾಕಿ ಬಂದೀನಿ. ಇನ್ನೊಂದು ಕಡೆ ಹಂಗ ಬಿಚ್ಚೈತಿ. ನಾ ಹೋಗ್ಬೇಕ್ರಿ.”

ಧ್ವನಿ ಆ ಕೋಣೆಗೆ ಬೇಕಾದ್ದಕ್ಕಿಂತ ಜೋರಾಗಿತ್ತು. ಅಟೆಂಡರ್ ಪೇಪರಿನ ಕಟ್ಟು ಹಿಡಿದು ಇನ್ನೂ ಅಲ್ಲೇ ನಿಂತಿದ್ದರು.

ಪ್ರಿನ್ಸಿಪಾಲರು ಅಪ್ಪನ ಮುಖ ನೋಡಿದರು. ಅಪ್ಪ ನನ್ನನ್ನು ನೋಡಿದರು. ತಲೆಯ ಹಿಂದಿನ ಬ್ಯಾಂಡೇಜ್ ಪಟ್ಟಿ ಅವರಿಗೆ ಆಗಲೇ ಕಂಡಿರಬೇಕು. ನಾನು ಹೊರಗೆ ಹೋಗಬೇಕಾದರೆ ಅವರ ಕುರ್ಚಿ ದಾಟಬೇಕಿತ್ತು. ಅವರು ಎದ್ದು, ಕುರ್ಚಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟರು.

ನಾನು ವಾರ್ಡಿಗೆ ಓಡಿದೆ. ಅಜ್ಜಿ ಎಡಗಡೆಯ ಕೂದಲನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದರು.

ಅಪ್ಪ ಅವತ್ತು ಟಿ.ಸಿ. ಇಲ್ಲದೆ ಮನೆಗೆ ಹೋದರು. ಒಂದು ವಾರ ನಾನು ಆ ಎರಡು ಗಿಡ್ಡ ಜಡೆ, ಪಿನ್ನು, ಪಟ್ಟಿಗಳ ಜೊತೆ ಹೆಣಗಿದೆ. ಬೆಳಿಗ್ಗೆ ತುಂಬ ಹೊತ್ತು ಹಿಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಿವಿಯ ಹಿಂದೆ ಎಳೆಗಳು ಇಳಿಯುತ್ತಿದ್ದವು. ಮತ್ತೆ ಬೆಳೆಸಿ ತುರುಬು ಕಟ್ಟುವುದೋ, ಪೂರ್ತಿ ಕತ್ತರಿಸುವುದೋ ಎಂದು ಯೋಚಿಸಿ, ಕತ್ತರಿಸುವುದೇ ಸರಿ ಎಂದು ತೀರ್ಮಾನಿಸಿದೆ. ಈ ಸಲ ಮೊದಲು ಅವ್ವನಿಗೆ ಹೇಳಿದೆ. ಅವಳೇ ಪಾರ್ಲರಿಗೆ ಬಂದು ಪಕ್ಕದಲ್ಲಿ ಕೂತು, “ಕಿವಿ ಮುಚ್ಚೂವಷ್ಟರ ಬಿಡ್ರಿ” ಎಂದು ಚೌಕಾಸಿ ಮಾಡಿದಳು. ಮೊದಲು ಕತ್ತರಿಸಿದ ಜಡೆಯನ್ನು ಅವಳು ಬಿಸಾಡಿರಲಿಲ್ಲ. ಚೌರಿ ಮಾಡಿಸಿ ತನ್ನ ತುರುಬಿಗೆ ಸೇರಿಸಿಕೊಂಡಳು. ಮದುವೆ ಮನೆಗಳಲ್ಲಿ ಯಾರಾದರೂ, “ಈ ವಯಸ್ಸಿನ್ಯಾಗೂ ಎಷ್ಟ ಕೂದಲಾರೀ” ಎಂದರೆ ನನ್ನ ಕಡೆ ನೋಡದೆ ನಗುತ್ತಾಳೆ.

ಕೋರ್ಸು ಮುಗಿಸಿ ಈಗ ಕೃಷ್ಣರಾಜಪುರದ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕೂದಲು ಈಗಲೂ ಕಾಲರಿಗಿಂತ ಮೇಲೆಯೇ ಇದೆ. ಅದರ ಬಗ್ಗೆ ದುಃಖವಿಲ್ಲ. ಮನೆಗೆ ಕಳಿಸುವ ಮೊದಲು ರೋಗಿಗೆ ಔಷಧ ಹೇಳಿಕೊಟ್ಟರೆ, “ನಾನು ಏನು ಹೇಳಿದೆ, ನೀವು ಒಂದ್ಸಲ ಹೇಳಿ” ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಡಾಕ್ಟರು ಫೋನಿನಲ್ಲಿ ಏನಾದರೂ ಹೇಳಿದರೆ ಅವರಿಗೂ ತಿರುಗಿ ಹೇಳಿ, ಹೌದು ಅನ್ನಿಸಿಕೊಂಡೇ ಫೋನ್ ಇಡುತ್ತೇನೆ. ಅಪ್ಪ ಅವತ್ತು ಕೇಳಿದ ಪ್ರಶ್ನೆಗೆ ದಿನಾ ಉತ್ತರ ಕೊಟ್ಟ ಹಾಗೆ ಅನ್ನಿಸುತ್ತದೆ.

ಅಪ್ಪ ಆ ದಿನದ ವಿಷಯವನ್ನು ನನ್ನ ಹತ್ತಿರ ಮತ್ತೆ ಎತ್ತಿಲ್ಲ. ಊರಿನಿಂದ ಬಂದ ನೆಂಟರು, “ಮಗಳಿಗೆ ಯಾಕ ನರ್ಸಿಂಗ್ ಓದಿಸಿದ್ರಿ?” ಎಂದು ಕೇಳಿದಾಗ ಮಾತ್ರ, “ನಾ ಓದಿಸಿಲ್ಲ. ಆಕೀನ ಓದಿದ್ಲು” ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಯೂನಿಫಾರಂ ಇಸ್ತ್ರಿ ಮಾಡುತ್ತ ಆ ಮಾತನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಅದರಲ್ಲಿ ದೂರು ಎಷ್ಟಿದೆ, ಹೆಮ್ಮೆ ಎಷ್ಟಿದೆ ತಿಳಿಯುವುದಿಲ್ಲ. ಎಲ್ಲವನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ನಾನು, ಅದೊಂದನ್ನು ಮಾತ್ರ ಕೇಳದೆ ಬಿಟ್ಟಿದ್ದೇನೆ.